ಎಷ್ಟು ಜನರನ್ನು ಉಳಿಸಿದ್ದಾರೆ ಅಂತ ಕೇಳುವವರಿಗೆ

ಗೊತ್ತಿಲ್ಲ.

ಉತ್ತರ ಇಷ್ಟೇ. ಇಲ್ಲಿಗೇ ಓದು ನಿಲ್ಲಿಸಿದರೂ ಬೇಜಾರಿಲ್ಲ, ಮುಂದಿನ ಸಲ ಸಿಕ್ಕಾಗ ಮತ್ತೆ ಇದನ್ನೇ ಕೇಳದಿದ್ದರೆ ಸಾಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಪ್ಪ ಅಗ್ನಿಶಾಮಕ ಇಲಾಖೆಯಲ್ಲಿ 33 ವರ್ಷ ಡ್ರೈವರ್-ಮೆಕ್ಯಾನಿಕ್ ಆಗಿದ್ದವರು. ರಿಟೈರ್ ಆದ ಮೇಲೆ ಅವರ ಬ್ಯಾಚಿನವರು ಒಬ್ಬೊಬ್ಬರಾಗಿ ಹೋಗತೊಡಗಿದರು. ತಿಥಿಯೂಟಕ್ಕೆ ಹೋದಲ್ಲೆಲ್ಲ ಒಳ್ಳೊಳ್ಳೆ ಕಥೆ ಕೇಳಿಬರುತ್ತಿದ್ದವು, ಆದರೆ ಕಥೆಯ ಯಜಮಾನ ಫೋಟೋದಲ್ಲಿರುತ್ತಿದ್ದ. ಹೀಗಾದರೆ ಆಗಲಿಲ್ಲ ಅಂತ ನಾನು ಭಾನುವಾರ ಭಾನುವಾರ ಹಾಸನ, ಅರಸೀಕೆರೆ, ತಿಪಟೂರು ಅಂತ ಬಸ್ಸು ಹತ್ತಿ, ಹಳೇ ಫೈರ್‌ಮನ್‌ಗಳ ಮನೆ ಹುಡುಕಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಇದುವರೆಗೆ 27 ಜನ. ಸಂಘವಿಲ್ಲ, ಅನುದಾನವಿಲ್ಲ, ಬಸ್ ಚಾರ್ಜು ನನ್ನದೇ.

ಇದನ್ನು ಯಾರ ಹತ್ತಿರ ಹೇಳಿದರೂ ಮೊದಲು ಬರುವ ಮಾತು: "ಓ, ಫೈರ್ ಇಂಜಿನ್ನವರಾ? ಎಷ್ಟು ಜನರ ಪ್ರಾಣ ಉಳಿಸಿದ್ದಾರಂತೆ?"

ಆ 'ಅಂತೆ' ಗಮನಿಸಿ. ಅವರು ಹೇಳಿಕೊಂಡ ಲೆಕ್ಕ ಎಷ್ಟು, ನಾವು ನಂಬಬಹುದಾದದ್ದು ಎಷ್ಟು ಅನ್ನೋದೆಲ್ಲ ಆ ಒಂದು ಪದದಲ್ಲಿದೆ. ಬ್ಯಾಂಕಿನಲ್ಲಿ ರಿಟೈರ್ ಆದವರನ್ನು ಎಷ್ಟು ನೋಟು ಎಣಿಸಿದ್ರಂತೆ ಅಂತ ಯಾರೂ ಕೇಳಲ್ಲ. ಮೇಷ್ಟ್ರುಗಳನ್ನು ಎಷ್ಟು ಜನ ಪಾಸಾದರು ಅಂತ ಕೇಳುತ್ತಾರೆ, ಹೌದು. ಅವರಿಗೂ ನನ್ನ ಸಂತಾಪ.

ಒಂದು ಸಲ ಅಪ್ಪನನ್ನೇ ನೇರ ಕೇಳಿದರು. ಚಿಕ್ಕಪ್ಪನ ಮಗನ ಮದುವೆ, ಎರಡನೇ ಪಂಕ್ತಿ. ಪಕ್ಕದ ಎಲೆಯಲ್ಲಿ ಹುಡುಗಿ ಕಡೆಯ ಹಿರಿಯರೊಬ್ಬರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಸರ್ವೀಸಲ್ಲಿ ಒಟ್ಟು ಎಷ್ಟು ಜೀವ ಉಳಿಸಿದ್ದೀರಿ ಸಾರ್?" ಅಂದರು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. ನಾಲ್ಕು ಜನ ಕತ್ತು ಚಾಚಿದರು.

"ಎರಡು."

"ಎರಡೇ?"

"ಹೂಂ. ಒಂದು ಎಮ್ಮೆ, ಇನ್ನೊಂದು ಅದರ ಹೊಟ್ಟೇಲಿದ್ದದ್ದು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಮಾತ್ರ ಉರಿದುಹೋಯಿತು, ನಗುವವರ ಮೇಲಲ್ಲ, ಅಪ್ಪನ ಮೇಲೆ. ಅಷ್ಟು ಜನರೆದುರು ದೊಡ್ಡದೊಂದು ಹೇಳಬಾರದಿತ್ತೇ? ವಾಪಸ್ ಬರುವಾಗ ಬಸ್ಸಿನಲ್ಲಿ ರೇಗಿದೆ. ಆಗ ಹೇಳಿದರು.

ಬಾವಿಗೆ ಬಿದ್ದಿದ್ದ ಗಬ್ಬದ ಎಮ್ಮೆ. ಕಟ್ಟೆಯಿಲ್ಲದ ತೋಟದ ಬಾವಿ, ಮೊಳಕಾಲುದ್ದ ನೀರು. ಎಮ್ಮೆಯನ್ನು ಹಗ್ಗದಲ್ಲಿ ಎತ್ತಿದರೆ ಅದರ ತೂಕಕ್ಕೆ ಹಗ್ಗ ಹೊಟ್ಟೆಯನ್ನೇ ಕೊಯ್ಯುತ್ತದೆ. ಅದಕ್ಕೆ ಇವರು ನೀರು ಹೊಡೆಯುವ ಹಳೇ ಹೋಸ್ ಪೈಪು ಬಳಸುತ್ತಿದ್ದರು. ನೀರಿಲ್ಲದಾಗ ಕ್ಯಾನ್ವಾಸ್ ಹೋಸು ಅಂಗೈಯಗಲದ ಪಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಒಂದು ಪಟ್ಟಿ ಮುಂಗಾಲಿನ ಹಿಂದೆ, ಇನ್ನೊಂದು ಹಿಂಗಾಲಿನ ಮುಂದೆ. ನಡುವೆ ಹೊಟ್ಟೆ ಮುಟ್ಟಬಾರದು, ಕರುವಿದೆ. ಇಳಿದವರು ಇಬ್ಬರು, ಮೇಲೆ ಚೈನ್‌ಪುಲ್ಲಿ ಹಿಡಿದವರಲ್ಲಿ ಅಪ್ಪ ಒಬ್ಬರು. ದಡ ಸೇರಿದ ಎಮ್ಮೆ ಮೊದಲು ಮಾಡಿದ ಕೆಲಸ ಅಪ್ಪನ ಮೊಳಕಾಲಿಗೆ ಝಾಡಿಸಿದ್ದು. ಎಮ್ಮೆಯ ಯಜಮಾನ್ತಿ ಅದುವರೆಗೂ "ಇಷ್ಟೊತ್ತಿಗೆ ಬಂದ್ರಾ ನಿಮ್ಮ ಮನೆ ಹಾಳಾಗ" ಅಂತ ಶಾಪ ಹಾಕುತ್ತಿದ್ದವಳು ಅದೇ ಉಸಿರಿನಲ್ಲಿ ಅಳತೊಡಗಿದಳಂತೆ.

ತಿಂಗಳೊಪ್ಪತ್ತಿನ ಮೇಲೆ ಸ್ಟೇಷನ್ನಿಗೆ ಒಂದು ತಂಬಿಗೆ ಗಿಣ್ಣುಹಾಲು ಬಂತು.

"ಅದೊಂದೇ ಕಣಮ್ಮಾ," ಅಂದರು ಅಪ್ಪ, "ಆಮೇಲೆ ಏನಾಯ್ತು ಅಂತ ನಮಗೆ ಸುದ್ದಿ ಬಂದಿದ್ದು."

ಅವತ್ತಿನವರೆಗೆ ನನಗೂ ಹೊಳೆದಿರಲಿಲ್ಲ. ಹೊಗೆ ತುಂಬಿದ ಮನೆಯಿಂದ ಒಬ್ಬರನ್ನು ಹೊತ್ತು ತಂದು ಆಂಬುಲೆನ್ಸಿಗೋ, ಆಟೋಗೋ, ಕೆಲವು ಸಲ ತರಕಾರಿ ಟೆಂಪೋಗೋ ಹಾಕುತ್ತಾರೆ. ಗಾಡಿ ಹೊರಡುತ್ತದೆ. ಇವರು ಒಳಗೆ ಹೋಗುತ್ತಾರೆ, ಇಲ್ಲವೇ ಹೋಸು ಸುತ್ತುತ್ತಾರೆ, ಇಲ್ಲವೇ ಮುಂದಿನ ಕಾಲ್. ಹೋದ ಮನುಷ್ಯ ಬದುಕಿದನೋ, ದಾರಿಯಲ್ಲೇ ಹೋದನೋ, ಯಾರೂ ಬಂದು ಹೇಳುವುದಿಲ್ಲ. ನಾನು ಕೂತು ಮಾತಾಡಿಸಿದ 27 ಜನರಲ್ಲಿ ಒಬ್ಬರು ಮಾತ್ರ ತಡೆಯಲಾರದೆ ಮಾರನೇ ದಿನ ಆಸ್ಪತ್ರೆಗೆ ಹೋಗಿ ವಿಚಾರಿಸಿದ್ದಾರೆ. "ಹೆಸರು ಹೇಳಿ" ಅಂದರಂತೆ. ಹೆಸರು ಕೇಳಿಕೊಂಡು ಹೊರತಂದಿರಲಿಲ್ಲವಲ್ಲ, ವಾಪಸ್ ಬಂದರು.

ಇನ್ನು ನಮ್ಮಪ್ಪನ ಮಟ್ಟಿಗೆ ಆ ಪ್ರಶ್ನೆ ಬುಡದಲ್ಲೇ ತಪ್ಪು. ಡ್ರೈವರ್ ಬೆಂಕಿಯೊಳಕ್ಕೆ ಹೋಗುವುದೇ ಇಲ್ಲ. ಗಾಡಿ ತಂದು ನಿಲ್ಲಿಸಿದ ಮೇಲೆ ಅವರ ಜಾಗ ಪಂಪಿನ ಹತ್ತಿರ, ಕೈ ಥ್ರಾಟಲ್ ಮೇಲೆ, ಕಣ್ಣು ಗೇಜಿನ ಮೇಲೆ. ಒಳಗೆ ಬ್ರಾಂಚ್, ಅಂದರೆ ಹೋಸಿನ ತುದಿಯ ನಳಿಗೆ, ಹಿಡಿದವನಿಗೆ ಪ್ರೆಷರ್ ಇಳಿದರೆ ಬೆಂಕಿಯೆದುರು ಬರಿಗೈಯಲ್ಲಿ ನಿಂತಂತೆ, ಏಕಾಏಕಿ ಏರಿದರೆ ಬ್ರಾಂಚೇ ಅವನನ್ನು ಎತ್ತಿ ಒಗೆಯುತ್ತದೆ. ಟ್ಯಾಂಕಿನಲ್ಲಿ 4,500 ಲೀಟರ್ ಇದ್ದರೆ ಎರಡು ಬ್ರಾಂಚಿಗೆ ಪೂರ್ತಿ ಬಿಟ್ಟಾಗ ಹತ್ತು ನಿಮಿಷಕ್ಕೂ ಸಾಲದು. (ನೀರಿಲ್ಲದೆ ಬಂದರು ಅಂತ ಊರವರು ಕಲ್ಲೆಸೆಯುವುದು ಹನ್ನೊಂದನೇ ನಿಮಿಷಕ್ಕೆ.) ಅಷ್ಟರಲ್ಲಿ ಕೆರೆಯೋ ಬಾವಿಯೋ ನೋಡಿ ನೀರೆಳೆಯುವ ಸಕ್ಷನ್ ಪೈಪು ಹಾಕಬೇಕು. ಒಳಗಿನವರು ನಾಲ್ಕು ಜನರನ್ನು ಹೊರತಂದರೆ ಅದರಲ್ಲಿ ಥ್ರಾಟಲ್ ಹಿಡಿದವನ ಪಾಲೆಷ್ಟು? ಕಾಲೋ, ಅರೆಯೋ? ಲೆಕ್ಕ ಕೇಳುವವರೇ ಹೇಳಲಿ.

"ಇಲಾಖೆಯ ರಿಪೋರ್ಟಲ್ಲಿ ಎಲ್ಲ ಇರುತ್ತಲ್ಲ?" ಅನ್ನುವವರೂ ಇದ್ದಾರೆ. ಇರುತ್ತದೆ. ಕರೆ ಬಂದ ಸಮಯ, ಗಾಡಿ ಹೊರಟ ಸಮಯ, ಹಾಳಾದ ಆಸ್ತಿ ಇಷ್ಟು ರೂಪಾಯಿ, ಉಳಿದ ಆಸ್ತಿ ಇಷ್ಟು ರೂಪಾಯಿ. ಮೊಳಕಾಲಿಗೆ ಒದೆಸಿಕೊಂಡದ್ದಕ್ಕೆ ಕಾಲಮ್ಮಿಲ್ಲ.

ನಿಜ ಹೇಳಬೇಕೆಂದರೆ, ಈ ಕೆಲಸದಲ್ಲಿ ಲೆಕ್ಕ ಪಕ್ಕಾ ಸಿಗುವುದು ಸತ್ತವರದು ಮಾತ್ರ. ಏಪ್ರಿಲ್ 14ರಂದು, ಅಗ್ನಿಶಾಮಕ ಸೇವಾ ದಿನ ಅಂತ, ಇಲಾಖೆಯವರು ನಿಮ್ಮ ಆಫೀಸಿಗೂ ಬಂದು ಜೇಬಿಗೆ ಪುಟ್ಟ ಧ್ವಜ ಚುಚ್ಚಿ ಹೋಗುತ್ತಾರಲ್ಲ, ಅದು 1944ರ ಲೆಕ್ಕ. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು, ಒಳಗೆ ಹತ್ತಿಯ ಅಂಡಿಗೆಗಳು, ಅದೇ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಟನ್ ಸ್ಫೋಟಕ. ಮಧ್ಯಾಹ್ನದಿಂದ ನೀರು ಹೊಡೆಯುತ್ತಲೇ ಇದ್ದರು, ಸಂಜೆ ನಾಲ್ಕರ ಹೊತ್ತಿಗೆ ಹಡಗು ಸಿಡಿಯಿತು. ಸತ್ತ ಫೈರ್‌ಮನ್‌ಗಳು 66. ಆ ಮಧ್ಯಾಹ್ನ ಅವರು ಒಬ್ಬರಿಗೊಬ್ಬರು ಏನು ಹೇಳಿಕೊಂಡರು? ಓಡೋಣ ಅಂತ ಯಾರಿಗಾದರೂ ಅನ್ನಿಸಿತ್ತೇ? ಧ್ವಜದ ಮೇಲೆ ಅದಿಲ್ಲ.

ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ಕ್ಕೆ 343 ಅಗ್ನಿಶಾಮಕರು ಸತ್ತರು. ಅಲ್ಲಿನ ಇಲಾಖೆ ಕೆಲವೇ ತಿಂಗಳಲ್ಲಿ ಉಳಿದವರನ್ನು ಕೂರಿಸಿ ಮಾತಾಡಿಸಿತು, 503 ಜನರನ್ನು. ನಗರದವರು ಅದನ್ನು ಬೀಗ ಹಾಕಿ ಇಟ್ಟುಕೊಂಡಿದ್ದರು, ಪತ್ರಿಕೆಯೊಂದು ಕೋರ್ಟಿಗೆ ಹೋದ ಮೇಲೆ 2005ರಲ್ಲಿ ಹೊರಬಂತು. ಗಾಡಿ ಎಲ್ಲಿ ನಿಲ್ಲಿಸಿದೆ, ಯಾರ ಹಿಂದೆ ಹೋದೆ ಅಂತಲೇ ಜನ ಮಾತಾಡಿದ್ದಾರೆ. ಎಷ್ಟು ಉಳಿಸಿದಿರಿ ಅಂತ ಯಾರೂ ಲೆಕ್ಕ ಕೇಳುತ್ತಾ ಕೂತಿಲ್ಲ.

ನಮ್ಮಲ್ಲಿ? ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದದ್ದು 1981ರ ಫೆಬ್ರವರಿ 7. ತೊಂಬತ್ತಕ್ಕೂ ಹೆಚ್ಚು ಸಾವು, ಬಹುಪಾಲು ಮಕ್ಕಳು. ಅವತ್ತು 25ರ ಹುಡುಗನಾಗಿದ್ದ ಫೈರ್‌ಮನ್‌ಗೆ ಈಗ ಎಪ್ಪತ್ತರ ಆಸುಪಾಸು. ಅಲ್ಲಿಗೆ ಹೋಗಿದ್ದವರೊಬ್ಬರ ನಂಬರ್ ಹೇಗೋ ಸಿಕ್ಕಿತು, ಬನ್ನಿ ಅಂದರು. ಶನಿವಾರ ರಾತ್ರಿ ಅವರ ಸೊಸೆ ಫೋನ್ ಮಾಡಿದರು. "ಮೇಡಂ, ನೀವು ಬರ್ತೀರಿ ಅಂತ ಗೊತ್ತಾದಾಗಿಂದ ಮಾವ ನಿದ್ದೆ ಮಾಡ್ತಿಲ್ಲ." ನಾನು ಹೋಗಲಿಲ್ಲ. ಹೋಗಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಆದರೂ ಹೋಗಲಿಲ್ಲ.

ಹಾಗಾದರೆ ಏನು ಕೇಳಬೇಕು ಅಂತೀರಾ? ಒಂದೇ ಒಂದು ಸಲ ಯಾರಾದರೂ ನನ್ನನ್ನು ಹೀಗೆ ಕೇಳಲಿ ಅಂತ ಕಾಯುತ್ತಿದ್ದೇನೆ: "ಅವರ ಬಟ್ಟೆ ಯಾರು ಒಗೀತಿದ್ರು?"

ನಾವಿದ್ದದ್ದು ಸ್ಟೇಷನ್ ಹಿಂದಿನ ಕ್ವಾರ್ಟರ್ಸಿನಲ್ಲಿ. ಬೆಲ್ ಹೊಡೆದರೆ ನಮ್ಮ ಮನೆಯ ಸ್ಟೀಲ್ ಲೋಟಗಳೂ ಅದುರುತ್ತಿದ್ದವು. ಅಪ್ಪ ಕಲಸಿದ ಅನ್ನ ಬಿಟ್ಟು ಓಡುತ್ತಿದ್ದರು, ಆ ತಟ್ಟೆಯನ್ನು ಅಮ್ಮ ಮುಚ್ಚಿಡುತ್ತಿದ್ದಳು. ವಾಪಸ್ ಬಂದವರು ಒಂದು ಮಾತೂ ಆಡುತ್ತಿರಲಿಲ್ಲ. ಅಮ್ಮನಿಗೆ ಮಾತು ಬೇಕೂ ಇರಲಿಲ್ಲ, ಖಾಕಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದರೆ ಆಯಿತು. ನೀರು ಹಳದಿಗೆ ತಿರುಗಿ ಮೇಲೆ ಹೊಟ್ಟು ತೇಲಿದರೆ ಹುಲ್ಲಿನ ಬಣವೆ. ಎಣ್ಣೆ ಎಣ್ಣೆಯಾಗಿ ಕಪ್ಪು ಬಿಟ್ಟರೆ ಟೈರು. ತೆಂಗಿನ ನಾರಿನ ಕಾರ್ಖಾನೆಯದಾದರೆ ಎರಡು ಸಲ ಒಗೆದರೂ ಜೇಬಿನೊಳಗೆ ನಾರು. ಮೆಣಸಿನಕಾಯಿ ಗೋದಾಮಾದರೆ ಬಟ್ಟೆ ಕುಕ್ಕುವವಳಿಗೇ ಕೆಮ್ಮು. ಕ್ವಾರ್ಟರ್ಸಿನ ಹೆಂಗಸರು ಬೋರಿನ ಹತ್ತಿರ ಕೂತು "ನಿಮ್ದೇನು ಇವತ್ತು?" "ಬಣವೆ. ನಿಮ್ದು?" ಅಂತ ವಿಚಾರಿಸಿಕೊಳ್ಳುತ್ತಿದ್ದುದು ನನಗೆ ನೆನಪಿದೆ. 27 ಜನ ಗಂಡಸರ ಮಾತು ತುಂಬಿಕೊಂಡ ಮೇಲೆ ನನಗೆ ಇದು ಹೊಳೆಯಿತು. ಅಷ್ಟು ತಡವಾಗಿ. ನಾನೂ ಬೇರೆಯವರಂತೆಯೇ.

ಹೋದ ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಮುಂದೆ ಮೊಬೈಲ್ ಇಟ್ಟೆ. "ನಂದೇನಿದೆ, ಅವರನ್ನ ಕೇಳು" ಅಂದವಳು ಎರಡು ಗಂಟೆ ಮಾತಾಡಿದಳು. ಅಪ್ಪ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದರು. ಒಂದೂವರೆ ಗಂಟೆ ಕಳೆದ ಮೇಲೆ ರೆಕಾರ್ಡಿಂಗಿನಲ್ಲಿ ಅಮ್ಮ ಹೇಳುತ್ತಾಳೆ: ಒಂದು ದಿನದ ಬಟ್ಟೆಯನ್ನು ಮಾತ್ರ ತಾನು ಒಗೆಯಲಿಲ್ಲ. ಯಾವ ವಾಸನೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೆನೆಹಾಕಲು ಬಗ್ಗಿದವಳಿಗೆ ಆಗಲಿಲ್ಲವಂತೆ. ಅಂಗಿ, ಪ್ಯಾಂಟು ಎರಡನ್ನೂ ಬಚ್ಚಲ ಒಲೆಗೆ ತುರುಕಿ ಸುಟ್ಟಳು. ಅದೇ ಒಲೆಯ ನೀರಲ್ಲಿ ಅಪ್ಪ ಸ್ನಾನ ಮಾಡಿದರು. ಯೂನಿಫಾರ್ಮ್ ಎಲ್ಲಿ ಅಂತ ಕೇಳಿದಾಗ, ಇಸ್ತ್ರಿಗೆ ಕೊಟ್ಟಿದ್ದೆ, ಅವನು ಕಳೆದುಹಾಕಿದ ಅಂದುಬಿಟ್ಟಳು.

ಇಲ್ಲಿ ಪೇಪರ್ ಮಡಿಚಿದ ಸದ್ದು ಕೇಳಿಸುತ್ತದೆ.

"ಅಯ್ಯೋ," ಅನ್ನುತ್ತಾರೆ ಅಪ್ಪ. "ಆ ಇಸ್ತ್ರಿಯವನಿಗೆ ಬಾಯಿಗೆ ಬಂದಂಗೆ ಬೈದು ಬಂದಿದ್ನಲ್ಲೇ."