ಏಳನೇ ಪಂದ್ಯಕ್ಕೆ ಬೋಳಾರಕ್ಕೆ

2025ರ ಜೂನ್ 20, ಶುಕ್ರವಾರ. ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಮಂಗಳೂರಿನಿಂದ ಗೆಳೆಯನ ಫೋನ್ ಬಂತು. ಹಲೋ ಇಲ್ಲ, ಹೇಗಿದ್ದೀಯಾ ಇಲ್ಲ. "ಹೊರಡು ಮಾರಾಯ, ಏಳನೇದು ಉಂಟು!" ಅಷ್ಟೇ.

ಅವನು ಹೇಳಿದ್ದು ಎನ್‌ಬಿಎ ಫೈನಲ್ಸ್, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಕೊನೆಯ ಸರಣಿಯ ವಿಷಯ. ಆಗಷ್ಟೇ ಮುಗಿದಿದ್ದ ಆರನೇ ಪಂದ್ಯದಲ್ಲಿ ನಮ್ಮ ಇಂಡಿಯಾನ ಪೇಸರ್ಸ್ ತಂಡ ಒಕ್ಲಹೋಮಾ ಸಿಟಿ ಥಂಡರನ್ನು 108-91ರಿಂದ ಸೋಲಿಸಿತ್ತು. ಸರಣಿ 3-3. ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಉಳಿದದ್ದು ಒಂದೇ ಪಂದ್ಯ, ಅಲ್ಲಿ ಭಾನುವಾರ ರಾತ್ರಿ, ನಮಗೆ ಸೋಮವಾರ ಬೆಳಗಿನ ಜಾವ ಐದೂವರೆಗೆ. ಏಪ್ರಿಲ್‌ನಿಂದ ನಾನು ಬೆಂಗಳೂರಲ್ಲಿ, ಅವನು ಮಂಗಳೂರಲ್ಲಿ ಕೂತು, ಫೋನಿನಲ್ಲೇ ಕೂಗಾಡುತ್ತಾ ಎಲ್ಲ ಪಂದ್ಯ ನೋಡಿದ್ದೆವು. ಏಳನೇದು ಬಂದರೆ ಒಂದೇ ಕಡೆ ಕೂತು ನೋಡೋದು ಅಂತ ಮಾತಾಗಿತ್ತು.

ಹನ್ನೊಂದಕ್ಕೆ ತತ್ಕಾಲ್ ತೆರೆದ ಕೂಡಲೇ ಮಂಗಳೂರಿನ ಮೇಲೆ ಹೋಗುವ ಶನಿವಾರ ರಾತ್ರಿಯ ಕಣ್ಣೂರು ರೈಲಿಗೆ ಸ್ಲೀಪರ್ ಟಿಕೆಟ್ ಹಿಡಿದೆ. ಸೋಮವಾರಕ್ಕೆ ರಜೆ ಹಾಕಿದೆ.

ಮಂಗಳೂರಿಗೂ ಇಂಡಿಯಾನಕ್ಕೂ ಎಂಥ ಸಂಬಂಧ ಅಂತ ನಮ್ಮನ್ನು ಕೇಳದವರಿಲ್ಲ. ಆ ಸಂಬಂಧ ಬೆಸೆದದ್ದು ಮತ್ಸ್ಯಗಂಧ ರೈಲು. 2019ರ ಅಕ್ಟೋಬರ್‌ನಲ್ಲಿ ಎನ್‌ಬಿಎ ತಂಡಗಳು ಮೊದಲ ಬಾರಿಗೆ ಭಾರತಕ್ಕೆ ಬಂದು ಆಡಿದವು. ಸೀಸನ್ ಶುರುವಾಗುವ ಮುಂಚಿನ ಎರಡು ಪಂದ್ಯ, ಮುಂಬೈನ ವರ್ಲಿಯಲ್ಲಿ. ಬಂದ ತಂಡಗಳು ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಗೆಳೆಯನ ಸೋದರಮಾವ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಉಳಿಯುವ ಚಿಂತೆ ಇರಲಿಲ್ಲ. ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಲ್ಲಿ ಮತ್ಸ್ಯಗಂಧ ಹತ್ತಿ ಹೋದೆವು. ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಕೋರ್ಟಿನಲ್ಲಿ ಆಡಿದವರು ನಾವು. ಟಿವಿಯಲ್ಲಿ ಕಂಡವರು ಕಣ್ಣೆದುರು ಓಡಿದಾಗ ಶೂ ನೆಲಕ್ಕೆ ಉಜ್ಜುವ ಕಿರ್ ಕಿರ್ ಸದ್ದು ಕೇಳಿಸಿತಲ್ಲ, ಅದು ಇವತ್ತಿಗೂ ಕಿವಿಯಲ್ಲಿದೆ. ಎರಡನೇ ಪಂದ್ಯವನ್ನು ಪೇಸರ್ಸ್ 130-106ರಿಂದ ಗೆದ್ದಿತು. ಅವತ್ತಿನಿಂದ ನಾವು ಆ ತಂಡದವರು.

ಶನಿವಾರ ರಾತ್ರಿ ರೈಲು ಹಾಸನ ದಾಟುವವರೆಗೂ ನಿದ್ದೆ ಬರಲಿಲ್ಲ. ಮೇಲಿನ ಬರ್ತಿನಲ್ಲಿ ಮಲಗಿ ಇಡೀ ಸೀಸನ್ ನೆನಪು ಮಾಡಿಕೊಂಡೆ. ಶುರುವಿನಲ್ಲಿ ಈ ತಂಡದ ಮೇಲೆ ಯಾರಿಗೂ ಆಸೆ ಇರಲಿಲ್ಲ. ಮೊದಲ 25 ಪಂದ್ಯಗಳಲ್ಲಿ ಗೆದ್ದದ್ದು ಹತ್ತು, ಸೋತದ್ದು ಹದಿನೈದು. ಆಮೇಲೆ ಹೇಗೋ ಗಾಡಿ ಹಳಿಗೆ ಬಂತು. 82 ಪಂದ್ಯ ಮುಗಿಯುವಾಗ 50 ಗೆಲುವು, ಪೂರ್ವ ವಿಭಾಗದಲ್ಲಿ ನಾಲ್ಕನೇ ಸ್ಥಾನ. ಕೋಚ್ ರಿಕ್ ಕಾರ್ಲೈಲ್ ಮಾಡಿಸಿದ್ದು ಒಂದೇ ಕೆಲಸ, ಓಟ. ಎದುರಾಳಿ ಬುಟ್ಟಿಗೆ ಚೆಂಡು ಹಾಕಿದ ಮರುಕ್ಷಣವೇ ಇವರು ಆ ಕಡೆಗೆ ಓಡುತ್ತಿದ್ದರು. ಚೆಂಡು ಒಬ್ಬನ ಕೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹತ್ತು ಜನ ಸರದಿಯಲ್ಲಿ ಬಂದು ಎದುರಿನವರ ಉಸಿರು ತೆಗೆಯುತ್ತಿದ್ದರು. ದೊಡ್ಡ ಸ್ಟಾರ್ ಒಬ್ಬನನ್ನೇ ನೆಚ್ಚಿಕೊಂಡ ತಂಡಗಳಿಗಿಂತ ಇಂಥ ಆಟ ನೋಡೋಕೆ ಎಷ್ಟೋ ಚೆನ್ನ.

ಆ ಓಟಕ್ಕೆ ಚಾಲಕ ಟೈರೀಸ್ ಹ್ಯಾಲಿಬರ್ಟನ್. ಪ್ಲೇಆಫ್ ಶುರುವಾಗುವ ಹೊತ್ತಿಗೆ ಅಮೆರಿಕದ ಪತ್ರಿಕೆಯೊಂದು ಆಟಗಾರರ ಗುಟ್ಟಿನ ಮತ ಪಡೆದಿತ್ತು. ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡವನು ಯಾರು ಅನ್ನೋ ಪ್ರಶ್ನೆಗೆ ಅತಿ ಹೆಚ್ಚು ಮತ ಬಿದ್ದದ್ದು ಇವನಿಗೆ. ನನಗೆ ಬಹಳ ಬೇಜಾರಾಗಿತ್ತು. ಅವನು ಉತ್ತರ ಕೊಟ್ಟದ್ದು ಕೋರ್ಟಿನಲ್ಲೇ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಮಿಲ್ವಾಕಿ ಎದುರು ಐದನೇ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಕೊನೆಯ ಹೊತ್ತಿಗೆ ಏಳು ಅಂಕ ಹಿಂದಿದ್ದರು. ಗೆದ್ದರು, 119-118. ಮುಂದಿನ ಸುತ್ತಿನಲ್ಲಿ ಕ್ಲೀವ್‌ಲೆಂಡ್ ಎದುರು ಎರಡನೇ ಪಂದ್ಯದಲ್ಲಿ ಕೊನೆಯ ಒಂದು ನಿಮಿಷದೊಳಗೆ ಮತ್ತೆ ಏಳು ಅಂಕ ಹಿಂದೆ. ಅದನ್ನೂ ಗೆದ್ದರು, 120-119.

ಆಮೇಲೆ ನ್ಯೂಯಾರ್ಕ್ ಎದುರಿನ ಮೊದಲ ಪಂದ್ಯ ಇದೆಯಲ್ಲ, ಅದರಂಥದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಮೂರು ನಿಮಿಷ ಕೂಡ ಉಳಿದಿಲ್ಲ, 14 ಅಂಕ ಹಿಂದೆ. ಟಿವಿ ಆಫ್ ಮಾಡಲು ರಿಮೋಟ್ ಕೈಗೆತ್ತಿಕೊಂಡಿದ್ದೆ. ಆ್ಯರನ್ ನೆಸ್ಮಿತ್ ಒಂದರ ಮೇಲೊಂದು ಮೂರು ಅಂಕದ ಎಸೆತ ಹಾಕತೊಡಗಿದ. ಕೊನೆಗೆ ಹ್ಯಾಲಿಬರ್ಟನ್ ಎಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು ಬುಟ್ಟಿಯ ಹಲಗೆಗಿಂತ ಮೇಲಕ್ಕೆ ಹಾರಿತು. ಗಡಿಯಾರ ಸೊನ್ನೆಗೆ ಬಂದಿತ್ತು. ಚೆಂಡು ನೆಟ್ಟಗೆ ಕೆಳಗಿಳಿದು ಬುಟ್ಟಿಯೊಳಗೆ ಬಿತ್ತು. 125-125. ಹೆಚ್ಚುವರಿ ಅವಧಿಯಲ್ಲಿ 138-135ಕ್ಕೆ ಗೆದ್ದರು. ಫೋನಿನ ಆ ಕಡೆ ಗೆಳೆಯ ಅಳುತ್ತಿದ್ದ.

ಫೈನಲ್ಸ್‌ನ ಮೊದಲ ಪಂದ್ಯವೂ ಹಾಗೇ. ಥಂಡರ್ ಸೀಸನ್‌ನಲ್ಲಿ 68 ಪಂದ್ಯ ಗೆದ್ದ ತಂಡ. ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಮುಂದಿತ್ತು. 0.3 ಸೆಕೆಂಡ್ ಉಳಿದಾಗ ಹ್ಯಾಲಿಬರ್ಟನ್ ಚೆಂಡು ಹಾಕಿದ, 111-110. ಆ ಪಂದ್ಯದಲ್ಲಿ ಪೇಸರ್ಸ್ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ.

ಸಕಲೇಶಪುರ ಬಿಟ್ಟ ಮೇಲೆ ಗಾಡಿ ಮೆಲ್ಲಗಾಯಿತು. ಘಾಟಿಯಲ್ಲಿ 57 ಸುರಂಗ. ಸುರಂಗದೊಳಗೆ ಹೋದಾಗ ಮಳೆಯ ಸದ್ದು ನಿಲ್ಲುತ್ತೆ, ಹೊರಗೆ ಬಂದಾಗ ಒಮ್ಮೆಲೇ ಬೋಗಿಯ ಮೇಲೆ ಸುರಿಯುತ್ತೆ. ಅದನ್ನು ಕೇಳುತ್ತಾ ಯಾವಾಗ ನಿದ್ದೆ ಹತ್ತಿತೋ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಗೆಳೆಯ ಸ್ಕೂಟರಿನಲ್ಲಿ ಕಾಯುತ್ತಿದ್ದ. ಬೋಳಾರದ ಮನೆ ತಲುಪುವಷ್ಟರಲ್ಲಿ ಇಬ್ಬರೂ ನೆನೆದು ತೊಪ್ಪೆ. "ಅಯ್ಯೋ ಮಗಾ, ಪೂರಾ ಚಂಡಿ ಆಗಿದ್ದಿಯಲ್ಲ, ಮೊದಲು ತಲೆ ಒರಸು" ಅಂತ ಅವನಮ್ಮ ಬೈರಾಸು ತಂದುಕೊಟ್ಟರು. ಬಿಸಿ ನೀರುದೋಸೆ, ಕಾಯಿ-ಬೆಲ್ಲ. ಮೀನಿಲ್ಲ ಅಂತ ಅವರಿಗೆ ಬೇಸರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ ದಿನಗಳಲ್ಲಿ ಮಂಗಳೂರಿಗೆ ಬಂದವರಿಗೆ ಒಣ ಸಿಗಡಿ ಚಟ್ನಿಯೇ ಗತಿ. ಕುಚ್ಚಲಕ್ಕಿ ಗಂಜಿಗೆ ಅದು ಸಿಕ್ಕರೆ ನನಗೆ ಬೇರೇನೂ ಬೇಡ.

ಮನೆಯ ಅಂಗಳದಲ್ಲಿ ಕೆಂಪುಕಲ್ಲಿನ ಗೋಡೆಗೆ ಒಂದು ಕಬ್ಬಿಣದ ರಿಂಗ್. ಹತ್ತು ವರ್ಷದ ಮಗಳಿಗೋಸ್ಕರ ಗೆಳೆಯ ವೆಲ್ಡಿಂಗ್ ಮಾಡಿಸಿ ಹಾಕಿಸಿದ್ದು. ತುಕ್ಕು ಹಿಡಿದಿದೆ, ನೆಟ್ ಹರಿದು ಹೋಗಿದೆ. ಅಂಗಳದಲ್ಲಿ ಪಾಚಿ ಕಟ್ಟದ ಹಾಗೆ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. "ಮಾಮ, ನೆಟ್ ಇಲ್ಲದಿದ್ರೆ ಚೆಂಡು ಒಳಗೆ ಹೋದದ್ದು ಗೊತ್ತೇ ಆಗುದಿಲ್ಲ" ಅಂತ ಅವಳ ದೂರು. ನಿಜ. ಆ ಸುಯ್ ಅನ್ನೋ ಸದ್ದಿಲ್ಲದಿದ್ದರೆ ಆಟಕ್ಕೆ ಅರ್ಧ ಜೀವ ಇಲ್ಲ.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಮೂವರೂ ಮೀನಿನ ಬೋಟು ನಿಲ್ಲುವ ಧಕ್ಕೆಗೆ ಹೋದೆವು. ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು, ಟಾರ್ಪಾಲು ಹೊದ್ದು ನಿಂತಿದ್ದವು. ಅಲ್ಲೊಂದು ಶೆಡ್ಡಿನ ಕೆಳಗೆ ನಾಲ್ಕು ಜನ ಬಲೆ ಸರಿಮಾಡುತ್ತಾ ಕೂತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆಯ ಒಂದು ತುದಿ ಸಿಕ್ಕಿಸಿ ಎಳೆದು ಹಿಡಿದು, ಚಪ್ಪಟೆ ಸೂಜಿಯಲ್ಲಿ ನೈಲಾನ್ ದಾರ ತೂರಿಸಿ, ಒಂದು ಸುತ್ತು, ಒಂದು ಗಂಟು, ಬೆರಳಿನಿಂದ ಅಳತೆ, ಮತ್ತೆ ಒಂದು ಸುತ್ತು. ಕಣ್ಣು ನಮ್ಮ ಕಡೆ, ಮಾತು ತುಳುವಿನಲ್ಲಿ, ಕೈ ಮಾತ್ರ ನಿಲ್ಲುವುದಿಲ್ಲ. ಹುಡುಗಿ ತನಗೆ ಒಂದು ತುಂಡು ಬೇಕು ಅಂದಳು. ಯಾಕೆ ಅಂತ ಕೇಳಿದರು. ಬುಟ್ಟಿಗೆ ಅಂದಳು. ಹಿರಿಯರೊಬ್ಬರು ಹಳೆ ಬಲೆಯ ದಪ್ಪ ದಾರದ ಒಂದು ತುಂಡು ಕತ್ತರಿಸಿ, ಎಷ್ಟು ಅಗಲ ಅಂತ ಅವಳ ಕೈಯಲ್ಲೇ ಗುರುತು ಮಾಡಿಸಿ, ಎರಡು ಅಂಚು ಸೇರಿಸಿ ಅಲ್ಲೇ ಹೆಣೆದು ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ದಾರಿಯಲ್ಲಿ ಗೆಳೆಯ ಅವಳಿಗೆ ನೇಯ್ಸ್ಮಿತ್ ಕಥೆ ಹೇಳಿದ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೇಯ್ಸ್ಮಿತ್ ಅನ್ನೋ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರಿಗೆ ಒಳಗೇ ಆಡಲು ಒಂದು ಆಟ ಬೇಕು ಅಂತ, ಪೀಚ್ ಹಣ್ಣಿನ ಎರಡು ಬುಟ್ಟಿಯನ್ನು ಜಿಮ್ಮಿನ ಬಾಲ್ಕನಿಗೆ ಹೊಡೆಸಿದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಿತ್ತು. "ಹಾಗಾದ್ರೆ ಅವರಿಗೂ ನೆಟ್ ಇರ್ಲಿಲ್ಲ" ಅಂದಳು ಅವಳು, ಬಲೆಯನ್ನು ಎದೆಗವಚಿಕೊಂಡು.

ರಾತ್ರಿ ಊಟದ ಹೊತ್ತಿಗೆ ಮಾತು ಹ್ಯಾಲಿಬರ್ಟನ್‌ನ ಕಾಲಿಗೆ ಬಂತು. ಐದನೇ ಪಂದ್ಯದಲ್ಲಿ ಅವನ ಬಲಗಾಲಿನ ಮೀನಖಂಡ ಉಳುಕಿತ್ತು. ಆದರೂ ಆರನೇದು ಆಡಿದ್ದ. ಏಳನೇದೂ ಆಡುವವನೇ. ಗೆಳೆಯ ಸುಮ್ಮನೆ ಅನ್ನ ಕಲಸುತ್ತಿದ್ದ. ನನಗೆ ಗೊತ್ತಿತ್ತು ಯಾಕೆ ಅಂತ. ಕಾಲೇಜಿನ ಕೊನೆಯ ವರ್ಷ, ಫೈನಲ್ ಪಂದ್ಯ. ಅವನ ಮಂಡಿ ಮೊದಲೇ ಊದಿತ್ತು. ಪಟ್ಟಿ ಬಿಗಿದು ಇಳಿದ. ಮೂರನೇ ಕ್ವಾರ್ಟರ್‌ನಲ್ಲಿ ನೆಗೆದವನು ನೆಲಕ್ಕೆ ಬಂದಾಗ ಕೂಗಿದ ಕೂಗು ನಾನು ಮರೆತಿಲ್ಲ. ಆಪರೇಷನ್ ಆಯಿತು. ಮತ್ತೆ ಓಡಿ ಆಡಲಿಲ್ಲ. ಮಗಳಿಗೂ ನಿಂತಲ್ಲೇ ನಿಂತು ಕಲಿಸುತ್ತಾನೆ.

ಸೋಮವಾರ ಐದಕ್ಕೇ ಎದ್ದೆವು. ಹೊರಗೆ ಕತ್ತಲು, ಜಡಿಮಳೆ. ಅಮ್ಮ ಚಹಾ ಮಾಡಿ, ಹಿಂದಿನ ದಿನ ಕಲಸಿಟ್ಟ ಹಿಟ್ಟಿನಲ್ಲಿ ಬನ್ಸ್ ಕರಿದು ತಂದಿಟ್ಟರು. ಹುಡುಗಿ ಶಾಲೆಯ ಯೂನಿಫಾರಂ ಹಾಕಿಕೊಂಡೇ ಟಿವಿ ಮುಂದೆ ಕೂತಳು.

ಹ್ಯಾಲಿಬರ್ಟನ್ ಶುರುವಿನಲ್ಲೇ ಮೂರು ಬಾರಿ ದೂರದಿಂದ ಎಸೆದು ಮೂರು ಮೂರು ಅಂಕ ಗಳಿಸಿದ. ಒಂಬತ್ತು ಅಂಕ. ಗೆಳೆಯ ನನ್ನ ತೋಳು ಹಿಡಿದುಕೊಂಡಿದ್ದ. ಮೊದಲ ಕ್ವಾರ್ಟರ್‌ನಲ್ಲಿ ಏಳು ನಿಮಿಷ ಆಗಿತ್ತಷ್ಟೇ. ಹ್ಯಾಲಿಬರ್ಟನ್ ಮುನ್ನುಗ್ಗಲು ಬಲಗಾಲು ಊರಿದ. ಯಾರೂ ಮುಟ್ಟಲಿಲ್ಲ. ಹಾಗೇ ಕುಸಿದ. ಅಂಗೈಯಿಂದ ನೆಲಕ್ಕೆ ಹೊಡೆದ, ಮತ್ತೆ ಮತ್ತೆ ಹೊಡೆದ. ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಎಳೆ ಹರಿದಿತ್ತು. ಅದಕ್ಕೆ ಆಕಿಲಿಸ್ ಅಂತ ಹೆಸರು.

ಗೆಳೆಯನ ಕೈ ನನ್ನ ತೋಳಿನಿಂದ ಜಾರಿ ಅವನ ಮಂಡಿಯ ಮೇಲೆ ಹೋಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದರು, "ನೋವು ಉಂಟು ಅಂತ ಗೊತ್ತಿದ್ದೂ ಯಾಕೆ ಆಡಿಸಿದ್ದು?" ಯಾರೂ ಉತ್ತರ ಕೊಡಲಿಲ್ಲ.

ಆದರೆ ತಂಡ ಕುಸಿಯಲಿಲ್ಲ, ಅದನ್ನು ಹೇಳಲೇಬೇಕು. ಅರ್ಧ ಆಟ ಮುಗಿದಾಗ ಪೇಸರ್ಸ್ 48-47ರಿಂದ ಮುಂದಿತ್ತು! ಮೂರನೇ ಕ್ವಾರ್ಟರ್ ನಡುವೆ ನಮ್ಮಲ್ಲಿ ಕರೆಂಟ್ ಹೋಯಿತು. ಫೋನನ್ನು ಸ್ಟೀಲ್ ಚೊಂಬಿಗೆ ಒರಗಿಸಿ ನಾಲ್ಕು ತಲೆ ಒಟ್ಟಿಗೆ ಸೇರಿಸಿ ನೋಡಿದೆವು. ಮಳೆಗೆ ಸಿಗ್ನಲ್ ನಿಂತು ನಿಂತು ಬರುತ್ತಿತ್ತು. ಚಿತ್ರ ನಿಂತಾಗ ಥಂಡರ್ ನಾಲ್ಕು ಅಂಕ ಮುಂದೆ, ಮತ್ತೆ ಬಂದಾಗ ಒಂಬತ್ತು. ಆರಡಿಗಿಂತ ಒಂದೇ ಇಂಚು ಎತ್ತರದ ಟಿ.ಜೆ. ಮೆಕಾನೆಲ್ ದೈತ್ಯರ ನಡುವೆ ನುಗ್ಗಿ ನುಗ್ಗಿ ಚೆಂಡು ಹಾಕುತ್ತಿದ್ದ. ನಾವು ಮುಂಬೈಗೆ ಹೋದಾಗಲೂ ಅವನು ಈ ತಂಡದವನೇ. ಬೆನೆಡಿಕ್ಟ್ ಮ್ಯಾಥುರಿನ್ 24 ಅಂಕ ತಂದ. ಆದರೆ ಥಂಡರ್‌ನ ಶೇ ಗಿಲ್ಜಿಯಸ್-ಅಲೆಕ್ಸಾಂಡರ್‌ನನ್ನು ತಡೆಯೋರು ಯಾರು? ತಾನು 29 ಅಂಕ ಗಳಿಸಿದ, ಜೊತೆಯವರಿಗೆ 12 ಬಾರಿ ದಾರಿ ಮಾಡಿಕೊಟ್ಟ. 103-91. ಥಂಡರ್‌ಗೆ ಕಪ್. ಒಕ್ಲಹೋಮಾ ಸಿಟಿಗೆ ಬಂದ ಮೇಲೆ ಅವರಿಗೆ ಅದೇ ಮೊದಲನೇದು. ಚೆನ್ನಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ. 1976ರಿಂದ ಎನ್‌ಬಿಎಯಲ್ಲಿರುವ ಪೇಸರ್ಸ್ ಒಮ್ಮೆಯೂ ಗೆದ್ದಿಲ್ಲ, ಈ ಸಲವೂ ಇಲ್ಲ.

ಪಂದ್ಯ ಮುಗಿದು ಆಟಗಾರರು ಒಳಗೆ ಬರುವಾಗ ಹ್ಯಾಲಿಬರ್ಟನ್ ಊರುಗೋಲು ಹಿಡಿದು ದಾರಿಯಲ್ಲಿ ನಿಂತಿದ್ದ. ಒಬ್ಬೊಬ್ಬರನ್ನೂ ತಬ್ಬಿಕೊಂಡ. ಆ ವಿಡಿಯೊ ಆಮೇಲೆ ನೋಡಿದೆವು. ಹುಡುಗಿ ಶಾಲೆಗೆ ಹೋಗಿಯಾಗಿತ್ತು. ಹೋಗುವಾಗ ಬಲೆ ಅಪ್ಪ ಒಬ್ಬರೇ ಕಟ್ಟಬಾರದು ಅಂತ ಮಾತು ತೆಗೆದುಕೊಂಡಿದ್ದಳು.

ಹಗಲು ಹೇಗೋ ಕಳೆಯಿತು. ರಾತ್ರಿ ಎಂಟರ ರೈಲಿಗೆ ಬಿಡಲು ಬಂದ ಗೆಳೆಯ ಪ್ಲಾಟ್‌ಫಾರಂ ಮೇಲೆ ತುಂಬ ಹೊತ್ತು ಸುಮ್ಮನಿದ್ದ. "ನಾನು ಅವತ್ತು ಆಡದೆ ಕೂತಿದ್ರೆ ಇವತ್ತು ಎಂತ ಅನಿಸ್ತಿತ್ತೋ" ಅಂದ. ಗಾಡಿ ಹೊರಟಿತು.

ನೆಲಮಂಗಲದ ಹತ್ತಿರ ಎಚ್ಚರವಾದಾಗ ಫೋನಿನಲ್ಲಿ ಅವನ ಮೆಸೇಜ್ ಇತ್ತು. ಹ್ಯಾಲಿಬರ್ಟನ್ ಆಪರೇಷನ್ನಿಗೆ ಮುಂಚೆಯೋ ಆಮೇಲೋ ಬರೆದ ಪೋಸ್ಟು. ಪಶ್ಚಾತ್ತಾಪ ಇಲ್ಲ, ಮತ್ತೆ ಅದೇ ಮಾಡುತ್ತೇನೆ, ಅದಾದ ಮೇಲೆ ಇನ್ನೊಮ್ಮೆಯೂ ಮಾಡುತ್ತೇನೆ ಅಂತ ಬರೆದಿದ್ದ. ಅದರ ಕೆಳಗೆ ಗೆಳೆಯನದ್ದು ಎರಡು ಸಾಲು. "ಅಮ್ಮನಿಗೆ ಓದಿ ಹೇಳಿದೆ. ಅಮ್ಮ ನನ್ನ ಮಂಡಿಗೆ ಎಣ್ಣೆ ಬಿಸಿ ಮಾಡಿ ತಂದ್ರು."

ಹತ್ತು ನಿಮಿಷ ಬಿಟ್ಟು ಒಂದು ಫೋಟೊ ಬಂತು. ಗೋಡೆಯ ರಿಂಗಿಗೆ ಹಸಿರು ಬಲೆ ಕಟ್ಟಿಯಾಗಿತ್ತು. ಒಂದು ಕಡೆ ಗಂಟು ಸ್ವಲ್ಪ ಜಾಸ್ತಿ ಬಿಗಿದು ಬಲೆ ವಾಲಿತ್ತು. ಆ ಗಂಟು ಹುಡುಗಿಯದ್ದೇ ಇರಬೇಕು.