77 ಅಡಿ ಜಲಪಾತ, 2029ರ ಒಂದು ಪಿಕ್

ಡಲ್ಲಾಸ್ ತಲುಪಿದ ಮರುದಿನವೇ ಭಾವ ನನ್ನನ್ನು ಒಂದು ಪ್ರತಿಮೆ ನೋಡಲು ಕರೆದುಕೊಂಡು ಹೋದರು. ಬೆಂಗಳೂರಿನಿಂದ ಬಂದ ಸುಸ್ತು ಇನ್ನೂ ಇಳಿದಿರಲಿಲ್ಲ. ಅಕ್ಕ "ಅವನು ಮಲಗಲಿ ಬಿಡ್ರೀ" ಅಂತ ಎರಡು ಸಲ ಹೇಳಿದಳು, ಭಾವ ಕೇಳಬೇಕಲ್ಲ! ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಎದುರಿಗೆ ಡರ್ಕ್ ನೊವಿಟ್ಸ್‌ಕಿ ನಿಂತಿದ್ದಾರೆ. ಒಂಟಿ ಕಾಲಲ್ಲಿ, ಹಿಂದಕ್ಕೆ ವಾಲಿ, ಚೆಂಡು ಬಿಡುವ ಹಾಗೆ. ಜರ್ಮನಿಯಿಂದ ಬಂದು, ಡಲ್ಲಾಸ್‌ನ ಬಾಸ್ಕೆಟ್‌ಬಾಲ್ ತಂಡ ಮ್ಯಾವರಿಕ್ಸ್ ಒಂದಕ್ಕೇ 21 ಸೀಸನ್ ಆಡಿದವರು, 2011ರಲ್ಲಿ ಆ ತಂಡಕ್ಕೆ ಇರುವ ಒಂದೇ ಒಂದು ಕಪ್ ಗೆದ್ದುಕೊಟ್ಟವರು. ಪ್ರತಿಮೆಯ ಬುಡದಲ್ಲಿ, ನಿಷ್ಠೆ ಎಂದೂ ಮಾಸುವುದಿಲ್ಲ ಅನ್ನೋ ಅರ್ಥದ ಸಾಲು ಇದೆ.

"ಇಲ್ಲೇ ನೋಡು, ಶವಪೆಟ್ಟಿಗೆ ತಂದಿಟ್ಟಿದ್ದು" ಅಂದರು ಭಾವ.

2025ರ ಫೆಬ್ರವರಿ 1ರ ರಾತ್ರಿ, ಊರೆಲ್ಲ ಮಲಗುವ ಹೊತ್ತಲ್ಲಿ, ಮ್ಯಾವರಿಕ್ಸ್ ತಂಡ ಲೂಕಾ ಡೊನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ಅವನಿಗಿನ್ನೂ 25 ವರ್ಷ. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ವರೆಗೆ ಎಳೆದುಕೊಂಡು ಹೋಗಿದ್ದ. ಮರುದಿನ ಅಭಿಮಾನಿಗಳು ಈ ಪ್ರತಿಮೆಯ ಹತ್ತಿರ ಸೇರಿ ಹೂವು, ಜೆರ್ಸಿ, ಶವಪೆಟ್ಟಿಗೆ ಎಲ್ಲ ತಂದಿಟ್ಟರು.

ನಮ್ಮವರಿಗೆ ಇದನ್ನು ಬೇರೆ ಥರ ಹೇಳಬೇಕು. ಕೊಹ್ಲಿ 18 ವರ್ಷ ಆರ್‌ಸಿಬಿಯಲ್ಲೇ ಇದ್ದು 2025ರ ಜೂನ್ 3ಕ್ಕೆ ಕಪ್ ಹಿಡಿದರು. ಅವರಿಗೆ 25 ವರ್ಷ ಇದ್ದಾಗ ಒಂದು ರಾತ್ರಿ ಫೋನ್ ನೋಡಿದರೆ ಅವರನ್ನು ಚೆನ್ನೈಗೆ ಕೊಟ್ಟಾಗಿದೆ ಅಂತ ಸುದ್ದಿ ಬಂದಿದ್ದರೆ? ಭಾವನ ಮುಖ ನೋಡಿದಾಗ ನನಗೆ ಅದೇ ಅನ್ನಿಸಿತು. ನಾಲ್ಕೂವರೆ ತಿಂಗಳಾದರೂ ಆ ನೋವು ಹಾಗೇ ಇತ್ತು.

ಜೂನ್ 25ರ ಸಂಜೆ ಫ್ರಿಸ್ಕೋದ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಅವತ್ತು ಡ್ರಾಫ್ಟ್. ಐಪಿಎಲ್ ಹರಾಜಿನ ಹಾಗೆ ಇಲ್ಲಿ ದುಡ್ಡು ಕೂಗುವುದಿಲ್ಲ. ಕಾಲೇಜಿನಿಂದ, ಹೊರದೇಶದಿಂದ ಬರುವ ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಸೋತ ತಂಡಗಳಿಗೆ ಮುಂಚಿನ ಸರದಿ, ಮೇಲಿನ ಕೆಲವು ಸ್ಥಾನಗಳಿಗೆ ಲಾಟರಿ. ಆ ಸರದಿಗೇ ಪಿಕ್ ಅನ್ನುವುದು. ಅದನ್ನು ಮುಂದಿನ ಏಳು ವರ್ಷದವರೆಗೂ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಅಂದ್ರೆ ಇವತ್ತು ಯಾವುದೋ ಶಾಲೆಯ ಅಂಗಳದಲ್ಲಿ ಚೆಂಡು ಬಡಿಯುತ್ತಿರುವ ಹುಡುಗ, ತನಗೇ ಗೊತ್ತಿಲ್ಲದೆ, ಆಗಲೇ ಒಂದು ವ್ಯಾಪಾರದಲ್ಲಿ ಸೇರಿಬಿಟ್ಟಿರುತ್ತಾನೆ.

ನನಗೆ ಡ್ರಾಫ್ಟ್ ಅಂದರೇನು ಅಂತ ಗೊತ್ತಾಗಿದ್ದೇ ಸತ್ನಾಮ್ ಸಿಂಗ್‌ನಿಂದ. 2015ರ ಜೂನ್ 25, ಸರಿಯಾಗಿ ಹತ್ತು ವರ್ಷದ ಹಿಂದೆ, ಪಂಜಾಬಿನ ಹಳ್ಳಿಯ 7 ಅಡಿ 2 ಇಂಚಿನ ಆ ಹುಡುಗನನ್ನು ಇದೇ ಡಲ್ಲಾಸ್ ತಂಡ 52ನೇ ಪಿಕ್‌ನಲ್ಲಿ ಆರಿಸಿತು. ಎನ್‌ಬಿಎ, ಅಂದ್ರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್‌ನ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ. ಮೈಸೂರಿನ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಮಂಡಿ ಕೆರೆದುಕೊಂಡು ಆಡಿದ ನಮಗೆಲ್ಲ ಆ ದಿನ ಹಬ್ಬ. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಅವನಿಗೆ ಆಡಲು ಆಗಲಿಲ್ಲ, ಆದರೆ ಅಕ್ಕನ ಮನೆ ಇರುವ ಈ ಫ್ರಿಸ್ಕೋದಲ್ಲೇ, ಟೆಕ್ಸಸ್ ಲೆಜೆಂಡ್ಸ್ ತಂಡಕ್ಕೆ, ಬೆವರು ಹರಿಸಿದ. 52ನೇ ಪಿಕ್ ಅಂದರೆ ಅಷ್ಟೇ ಅನ್ನುವವರಿದ್ದಾರೆ. ಮುಂದೆ ಎನ್‌ಬಿಎಯ ದೊಡ್ಡ ತಾರೆಯಾದ ನಿಕೋಲಾ ಯೋಕಿಚ್ 2014ರಲ್ಲಿ ಬಂದಿದ್ದು 41ನೇ ಪಿಕ್‌ನಲ್ಲಿ ಅಂತ ಅವರಿಗೆ ನೆನಪು ಮಾಡಬೇಕು.

ಈ ಸಲ ಡಲ್ಲಾಸ್‌ಗೆ ಮೊದಲನೇ ಪಿಕ್. ಲಾಟರಿಯಲ್ಲಿ ನೂರಕ್ಕೆ 1.8ರಷ್ಟು ಅವಕಾಶ ಇಟ್ಟುಕೊಂಡು ಗೆದ್ದರು. ಕೂಪರ್ ಫ್ಲ್ಯಾಗ್ ಅಂತ ಕರೆದಾಗ 18 ವರ್ಷದ ಹುಡುಗ ಎದ್ದು ಅಮ್ಮನನ್ನು ತಬ್ಬಿಕೊಂಡ. ಭಾವ ಚಪ್ಪಾಳೆ ತಟ್ಟಿದರು. ಆಮೇಲೆ "ಲೂಕಾ ಪಕ್ಕದಲ್ಲಿ ಇವನು ಇದ್ದಿದ್ದರೆ" ಅಂದರು. ಅವನು ಹೋಗದೆ ತಂಡ ಸೋಲುತ್ತಿರಲಿಲ್ಲ, ಸೋಲದೆ ಲಾಟರಿ ಇರುತ್ತಿರಲಿಲ್ಲ ಅಂತ ಅವರಿಗೂ ಗೊತ್ತು.

ಅಕ್ಕನ ಮಗ, ನನ್ನ ಅಳಿಯ, ಸೋಫಾದ ತುದಿಯಲ್ಲಿ ಕೂತಿದ್ದ. ಅವನಿಗೆ ಗಂಟಲೇ ಇರಲಿಲ್ಲ. ನಾರ್ಮನ್‌ನಲ್ಲಿ, ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ, ಎರಡು ವರ್ಷದಲ್ಲಿ ಒಕ್ಲಹೋಮ ಸಿಟಿಯ ಥಂಡರ್ ತಂಡದ ಭಕ್ತನಾಗಿದ್ದಾನೆ. ಜೂನ್ 22ಕ್ಕೆ ಥಂಡರ್ ಏಳನೇ ಪಂದ್ಯದಲ್ಲಿ ಇಂಡಿಯಾನವನ್ನು 103-91ರಲ್ಲಿ ಸೋಲಿಸಿ ಕಪ್ ಗೆದ್ದಿತ್ತು. 24ರ ಮೆರವಣಿಗೆಯಲ್ಲಿ ಕೂಗಿ ಕೂಗಿ ದನಿ ಹೋಗಿತ್ತು. ಮೆರವಣಿಗೆಯ ವಿಡಿಯೋ ತೋರಿಸುತ್ತಾ ಇದ್ದ. ನನಗೆ ನಮ್ಮೂರಿನ ಜೂನ್ 4, ಚಿನ್ನಸ್ವಾಮಿ ಎದುರಿನ ಆ 11 ಜನ ನೆನಪಾಗಿ ನೋಡಲು ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅಳಿಯನನ್ನು ಬಿಟ್ಟುಬರುವ ನೆಪದಲ್ಲಿ ಮೂವರೂ ಹೊರಟೆವು. ಅಕ್ಕ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮೊಸರನ್ನ ಹಾಕಿಕೊಟ್ಟಳು. "ದಾರಿ ಪೂರ್ತಿ ಬಾಸ್ಕೆಟ್‌ಬಾಲ್ ಮಾತೇ, ನಾನು ಬರಲ್ಲ" ಅಂದಳು. ಡೆಂಟನ್ ಹತ್ತಿರ ಐ-35 ಹತ್ತಿದರೆ ನೇರ ಉತ್ತರಕ್ಕೆ, ಒಟ್ಟು ಸುಮಾರು 300 ಕಿಲೋಮೀಟರ್. ಗೇನ್ಸ್‌ವಿಲ್ ದಾಟಿದ ಮೇಲೆ ರೆಡ್ ರಿವರ್ ಬರುತ್ತದೆ. ಹೆಸರಿಗೆ ತಕ್ಕ ಹಾಗೆ ಕೆಮ್ಮಣ್ಣಿನ ನೀರು, ಮಲೆನಾಡಲ್ಲಿ ಮೊದಲ ಮಳೆಗೆ ಹಳ್ಳ ಹರಿಯುವ ಬಣ್ಣ. ಸೇತುವೆ ದಾಟಿದರೆ ಒಕ್ಲಹೋಮ.

ಸೇತುವೆ ದಾಟಿದ ಕೂಡಲೇ ಅಳಿಯ ಶುರು ಮಾಡಿದ. "ಅಪ್ಪ, ಈಗ ನಮ್ಮೂರು. ಹೇಳು, ಲೂಕಾಗೆ ಏನು ಸಿಕ್ಕಿತು?"

ಸಿಕ್ಕಿದ್ದು ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಲೇಕರ್ಸ್‌ನ 2029ರ ಮೊದಲ ಸುತ್ತಿನ ಒಂದೇ ಒಂದು ಪಿಕ್. ಡೇವಿಸ್ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ, ಆದರೆ 31 ದಾಟಿದವನು, ಡಲ್ಲಾಸ್‌ನ ಮೊದಲ ಪಂದ್ಯದಲ್ಲೇ ಗಾಯ ಮಾಡಿಕೊಂಡ. ಭಾವನ ಸಿಟ್ಟು ಅವನ ಮೇಲಲ್ಲ, ಆ ಪಿಕ್ ಮೇಲೆ. "ಲೇಕರ್ಸ್ ಹತ್ತಿರ 2031ರದ್ದೂ ಇತ್ತು. ಕೇಳಲೇ ಇಲ್ಲ. ಇನ್ನೊಂದು ಯೋಚನೆ ಮಾಡು, ಆ ತಂಡ ಸೋತರೆ ತಾನೇ ಪಿಕ್‌ಗೆ ಬೆಲೆ? ಲೂಕಾನನ್ನೇ ಅವರಿಗೆ ಕೊಟ್ಟಮೇಲೆ ಅವರು ಯಾಕೆ ಸೋಲ್ತಾರೆ? ಕೊಟ್ಟ ಕೈಯಲ್ಲೇ ತಗೊಂಡಿದ್ದರ ಬೆಲೆ ಇಳಿಸಿಬಿಟ್ಟರು."

ಈ ಮಾತು ನನಗೆ ತುಂಬಾ ಹಿಡಿಸಿತು. 2029ರಲ್ಲಿ ಲೂಕಾಗೆ 30 ವರ್ಷ, ಆಟದ ತುತ್ತತುದಿಯ ವಯಸ್ಸು. ಡಲ್ಲಾಸ್‌ನ ಸ್ವಂತ ಪಿಕ್‌ಗಳಲ್ಲಿ ಕೆಲವು ಆಗಲೇ ಬೇರೆಯವರ ಕೈಯಲ್ಲಿದ್ದವು. 2027ರದ್ದು ಷಾರ್ಲಟ್‌ಗೆ, 2029ರದ್ದು ಕೈರಿ ಅರ್ವಿಂಗ್‌ನನ್ನು ತರುವಾಗ ಬ್ರೂಕ್ಲಿನ್‌ಗೆ ಹೋಗಿ ಅಲ್ಲಿಂದ ಹ್ಯೂಸ್ಟನ್‌ಗೆ. ಮನೆಯಲ್ಲಿದ್ದ ಭತ್ತವೆಲ್ಲ ಕೊಟ್ಟಾದ ಮೇಲೆ ಗದ್ದೆಯನ್ನೂ ಕೊಡುವುದಾದರೆ ಬೆಲೆ ಗಟ್ಟಿಯಾಗಿ ಕೇಳಬೇಕಿತ್ತು.

ಆರ್ಬಕಲ್ ಬೆಟ್ಟದ ಹತ್ತಿರ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಫ್ರೈಡ್ ಪೈ ತಿಂದೆವು. ಅರ್ಧಚಂದ್ರದ ಆಕಾರ, ಅಂಚು ಒತ್ತಿ ಕರಿದದ್ದು, ಒಳಗೆ ಬಿಸಿ ಹಣ್ಣಿನ ಹೂರಣ. ದೊಡ್ಡ ಕರ್ಜಿಕಾಯಿಯೇ ಅಂತ ಇಟ್ಟುಕೊಳ್ಳಿ. ಅಳಿಯ ಬಿಲ್ ತಿರುಗಿಸಿ ಹಿಂದೆ ಬಾಣದ ಗುರುತು ಹಾಕುತ್ತಾ ಹೋದ. ಎಣ್ಣೆ ಕೈಯ ಗುರುತು ಕಾಗದದ ತುಂಬಾ.

"ಮಾಮ, ಇಲ್ಲಿ ನೋಡು. 2019, ನಮ್ಮ ಪಾಲ್ ಜಾರ್ಜ್ ಕ್ಲಿಪ್ಪರ್ಸ್ ತಂಡಕ್ಕೆ ಹೋದ. ನಮಗೆ ಬಂದಿದ್ದು ಶೇ ಗಿಲ್ಜಸ್-ಅಲೆಕ್ಸಾಂಡರ್, ಗ್ಯಾಲಿನಾರಿ, ಐದು ಮೊದಲ ಸುತ್ತಿನ ಪಿಕ್, ಎರಡು ಸ್ವ್ಯಾಪ್."

ಸ್ವ್ಯಾಪ್ ಅಂದ್ರೆ ಇಬ್ಬರ ಪಿಕ್‌ಗಳಲ್ಲಿ ಮೇಲಿನದನ್ನು ಇಟ್ಟುಕೊಳ್ಳುವ ಹಕ್ಕು. ಆ ಐದರಲ್ಲಿ ಒಂದು 2022ರಲ್ಲಿ 12ನೇ ಸ್ಥಾನವಾಯಿತು, ಅದರಲ್ಲಿ ಬಂದವನು ಜೇಲನ್ ವಿಲಿಯಮ್ಸ್. ಶೇ 2025ರ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ, ಫೈನಲ್‌ನ ಎಂವಿಪಿ ಕೂಡ. ಒಂದು ಟ್ರೇಡ್‌ನಿಂದ ಇಬ್ಬರು ಬಂದು ಊರಿಗೆ ಕಪ್ ತಂದರು.

"ಮಧ್ಯದ ವರ್ಷಗಳನ್ನು ಯಾಕೆ ಬರೆಯಲ್ಲ?" ಅಂದರು ಭಾವ. ಪೆನ್ ಕಿತ್ತುಕೊಂಡು ತಾವೇ ಬರೆದರು: 72 ಪಂದ್ಯಗಳಲ್ಲಿ 22 ಗೆಲುವು, ಮುಂದಿನ ವರ್ಷ 82ರಲ್ಲಿ 24. ಅದರ ಕೆಳಗೆ 152-79. 2021ರ ಡಿಸೆಂಬರ್ 2, ಮೆಂಫಿಸ್ ಎದುರು ಥಂಡರ್‌ಗೆ 73 ಪಾಯಿಂಟ್‌ಗಳ ಸೋಲು, ಎನ್‌ಬಿಎಯಲ್ಲಿ ಅಷ್ಟು ಅಂತರದ ಸೋಲು ಯಾರಿಗೂ ಆಗಿರಲಿಲ್ಲ. "ಪಿಕ್‌ನ ಬೆಲೆ ಇದು. ಟಿಕೆಟ್ ತಗೊಂಡು ಇದನ್ನು ನೋಡಿದ ಜನ ಕೊಟ್ಟ ಬೆಲೆ."

ಅಳಿಯ ಅದಕ್ಕೆ ಎದುರಾಡಲಿಲ್ಲ. ಅವನು ಆಗ ಟೆಕ್ಸಸ್‌ನಲ್ಲಿ ಹೈಸ್ಕೂಲ್ ಹುಡುಗ, ಆ ವರ್ಷಗಳನ್ನು ಅವನು ಕೂತು ನೋಡಿದವನಲ್ಲ.

ಅಲ್ಲಿಂದ ಟರ್ನರ್ ಫಾಲ್ಸ್‌ಗೆ ಹೋದೆವು. ಹನಿ ಕ್ರೀಕ್ ಹಳ್ಳ ಬಂಡೆ ಮೇಲಿಂದ ಬೀಳುತ್ತದೆ, ಕೆಳಗೆ ಹಸಿರು ಬಣ್ಣದ ಮಡು, ತುಂಬಾ ಮಕ್ಕಳು. ಜೋಗ ನೋಡಿದವರಿಗೆ ಚಿಕ್ಕದೇ, ಆದರೂ ಆ ಬಿಸಿಲಲ್ಲಿ ಮಂಡಿವರೆಗೆ ನೀರಲ್ಲಿ ನಿಂತಾಗ ಸ್ವರ್ಗ. ಎತ್ತರ 77 ಅಡಿ. ಪಕ್ಕದಲ್ಲಿ ಹೋಗುವ ರಸ್ತೆ ಹೆದ್ದಾರಿ 77. ಲೂಕಾನ ಜೆರ್ಸಿ ನಂಬರ್ 77. ಊರಿನ ಹೆಸರು ಡೇವಿಸ್. ಅಳಿಯ ಇದನ್ನು ಒಂದೊಂದಾಗಿ ಹೇಳುತ್ತಾ ಹೋದ. ಭಾವ ಪ್ಯಾಂಟ್ ಮಡಚಿಕೊಂಡು ನೀರಲ್ಲಿ ನಿಂತು, ಜಲಪಾತ ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ.

ಪುಳಿಯೋಗರೆ ತಿನ್ನುವಾಗ ಅವರಿಗೆ ಮಾತು ಬಂತು. ಬಂದಿದ್ದು 2024ರ ಕಥೆ. ಫೆಬ್ರವರಿಯಲ್ಲಿ ಡಲ್ಲಾಸ್‌ಗೆ ಒಬ್ಬ ಎತ್ತರದ ಆಟಗಾರ ಬೇಕಿತ್ತು, ಕೊಡಲು ಪಿಕ್ ಇರಲಿಲ್ಲ. ಥಂಡರ್ ತನ್ನ ಹತ್ತಿರದ ಒಂದು ಪಿಕ್ ಕೊಟ್ಟು, ಬದಲಿಗೆ ಡಲ್ಲಾಸ್‌ನ 2028ರ ಸ್ವ್ಯಾಪ್ ಬರೆಸಿಕೊಂಡಿತು. ಡಲ್ಲಾಸ್ ಆ ಪಿಕ್ ಅನ್ನು ವಾಷಿಂಗ್ಟನ್‌ಗೆ ಕೊಟ್ಟು ಡೇನಿಯಲ್ ಗ್ಯಾಫರ್ಡ್‌ನನ್ನು ತಂದಿತು. ಮೇ ತಿಂಗಳಲ್ಲಿ ಅದೇ ಗ್ಯಾಫರ್ಡ್ ಇದ್ದ ಡಲ್ಲಾಸ್ ಅದೇ ಥಂಡರನ್ನು 4-2ರಲ್ಲಿ ಮನೆಗೆ ಕಳಿಸಿತು. ಆರನೇ ಪಂದ್ಯ 117-116, ಕೊನೇ ಕ್ಷಣದಲ್ಲಿ ಪಿ.ಜೆ. ವಾಷಿಂಗ್ಟನ್‌ನ ಫ್ರೀ ಥ್ರೋ. "ನಿಮ್ಮ ಪಿಕ್‌ನಲ್ಲೇ ನಿಮ್ಮನ್ನು ಸೋಲಿಸಿದ್ವಿ" ಅಂದಾಗ ಭಾವನ ಮುಖ ಅರಳಿದ್ದು ನೋಡಬೇಕಿತ್ತು.

"2028 ಇನ್ನೂ ಬಂದಿಲ್ಲ ಅಪ್ಪ" ಅಂದ ಅಳಿಯ.

ನನ್ನ ಲೆಕ್ಕದಲ್ಲಿ ಇಬ್ಬರೂ ಸರಿ. ಗ್ಯಾಫರ್ಡ್ ಬಂದ ವರ್ಷ ಡಲ್ಲಾಸ್ ಫೈನಲ್ ಆಡಿತು, ಆ ಸಂತೋಷವನ್ನು ಯಾವ ಸ್ವ್ಯಾಪೂ ವಾಪಸ್ ಪಡೆಯಲು ಆಗುವುದಿಲ್ಲ. ಗೆಲ್ಲುವ ಆಟಗಾರ ಮನೆಯಲ್ಲಿದ್ದಾಗ ಪಿಕ್ ಖರ್ಚು ಮಾಡಬೇಕು. ಅವನೇ ಹೋಗುವುದಾದರೆ, ಶೇ ಥರದ ಹುಡುಗನ ಜೊತೆಗೆ ರಾಶಿ ಪಿಕ್ ತಗೋಬೇಕು. ಡಲ್ಲಾಸ್ ಫೆಬ್ರವರಿಯಲ್ಲಿ ಎರಡನ್ನೂ ಮಾಡಲಿಲ್ಲ, ನನಗೆ ಅನ್ಯಾಯ ಅನ್ನಿಸುವುದು ಅಲ್ಲೇ.

ನಾರ್ಮನ್ ದಾಟಿ ನೇರ ಒಕ್ಲಹೋಮ ಸಿಟಿಗೆ ಹೋದೆವು. ಬ್ರಿಕ್‌ಟೌನ್‌ನ ಕಾಲುವೆ ಪಕ್ಕ ಎಲ್ಲಿ ನೋಡಿದರೂ ನೀಲಿ ಅಂಗಿ. ಪೇಕಾಮ್ ಸೆಂಟರ್ ಬಾಗಿಲು ಮುಚ್ಚಿತ್ತು, ಹೊರಗೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಥಂಡರ್ ಮೊದಲ ಬುಟ್ಟಿ ಹಾಕುವವರೆಗೂ ಒಳಗೆ ಯಾರೂ ಕೂರುವುದಿಲ್ಲವಂತೆ, ಎಲ್ಲರೂ ನಿಂತೇ ಇರುತ್ತಾರಂತೆ.

ಅಲ್ಲಿಂದ ಅಳಿಯ ನಮ್ಮನ್ನು ಕರೆದುಕೊಂಡು ಹೋಗಿದ್ದು ಸ್ಮಾರಕಕ್ಕೆ. 1995ರ ಏಪ್ರಿಲ್ 19, ಬೆಳಿಗ್ಗೆ 9:02ಕ್ಕೆ ಸರ್ಕಾರಿ ಕಟ್ಟಡದ ಎದುರು ಬಾಂಬ್ ಸಿಡಿದು 168 ಜನ ಸತ್ತರು. ಒಂದು ಕಡೆಯ ಬಾಗಿಲ ಮೇಲೆ 9:01, ಇನ್ನೊಂದು ಕಡೆ 9:03, ನಡುವೆ ಅಲುಗದ ನೀರು. ಹುಲ್ಲಿನ ಮೇಲೆ 168 ಖಾಲಿ ಕುರ್ಚಿಗಳು. ಅದರಲ್ಲಿ 19 ಚಿಕ್ಕವು, ಮಕ್ಕಳದು. ಬಿಸಿಲಿಗೆ ಕುರ್ಚಿಯ ಗಾಜಿನ ಬುಡ ಹೊಳೆಯುತ್ತಿತ್ತು.

"ತಂಡಕ್ಕೆ ಯಾರೇ ಹೊಸಬ ಬಂದರೂ ಮೊದಲು ಇಲ್ಲಿಗೆ ಕರ್ಕೊಂಡು ಬರ್ತಾರೆ ಮಾಮ. ಟ್ರೇಡ್‌ನಲ್ಲಿ ಬಂದವರನ್ನೂ" ಅಂದ, ಇದ್ದಷ್ಟು ದನಿಯಲ್ಲಿ.

ಭಾವ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಹೊರಗೆ ಬಂದ ಮೇಲೆ "ಸಿಯಾಟಲ್‌ನವರಿಗೂ ಒಂದು ತಂಡ ಇತ್ತು, ಗೊತ್ತಲ್ಲ?" ಅಂದರು ಮೆಲ್ಲಗೆ. 2008ರಲ್ಲಿ ಪೂರ್ತಿ ತಂಡವೇ ಆ ಊರು ಬಿಟ್ಟು ಇಲ್ಲಿಗೆ ಬಂತು, ಹೆಸರೂ ಬದಲಾಯಿತು. ಅಳಿಯ ತಲೆಯಾಡಿಸಿದ. ಆ ವಿಷಯದಲ್ಲಿ ಅಪ್ಪ ಮಗ ವಾದ ಮಾಡಲಿಲ್ಲ.

ಸಂಜೆ ಅವನನ್ನು ನಾರ್ಮನ್‌ನಲ್ಲಿ ಇಳಿಸಿ, ಉಳಿದ ಮೊಸರನ್ನದ ಡಬ್ಬಿ ಕೊಟ್ಟು ಹೊರಟೆವು. ಭಾವ ಗಾಡಿ ಓಡಿಸುತ್ತಾ ಏನೂ ಮಾತಾಡಲಿಲ್ಲ. ಫ್ಲ್ಯಾಗ್‌ಗೆ ಕೊಡುವ 32 ನಂಬರಿನ ಜೆರ್ಸಿ ತಗೊಳ್ತೀರಾ ಅಂತ ಕೇಳಿದೆ. "ನೋಡೋಣ, ಮೊದಲು ಆಡಲಿ" ಅಂದರು. ರೆಡ್ ರಿವರ್ ಬರುವ ಹೊತ್ತಿಗೆ ಕತ್ತಲಾಗಿತ್ತು, ನೀರು ಕಾಣಲಿಲ್ಲ. ಸೇತುವೆ ಮೇಲೆ ಇದ್ದಾಗ ನನ್ನ ಕಡೆ ತಿರುಗಿದರು.

"2031ರದ್ದಾದರೂ ಕೇಳಬೇಕಿತ್ತು, ಅಲ್ವಾ?"

"ಕೇಳಬೇಕಿತ್ತು ಭಾವ" ಅಂದೆ. ಡೆಂಟನ್ ಬರುವವರೆಗೂ ಅದೇ ಮಾತು.