ಉಡಿ

ಇವತ್ತು ರಾಯಚೂರು ಹತ್ತಿರದ ಹೊಲವೊಂದರಲ್ಲಿ ಹತ್ತಿ ಬಿಡಿಸುವವರ ಜೊತೆ ಇದ್ದೆ. ಅವರಿಗಾಗಿ ಒಂದು ಚೀಲ ಡಿಸೈನ್ ಮಾಡುತ್ತಿದ್ದೇನೆ.

ಒಬ್ಬ ಅಕ್ಕನ ಕೈಯನ್ನೇ ನೋಡುತ್ತಾ ನಿಂತೆ. ಎರಡು ಕೈಗೂ ಒಂದೇ ಸಮನೆ ಕೆಲಸ. ಒಣಗಿದ ಕಾಯಿಯ ತುದಿ ಚುಚ್ಚುತ್ತದೆ, ಅದಕ್ಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಹಳೇ ಸೀರೆಯನ್ನು ಟೊಂಕಕ್ಕೆ ಕಟ್ಟಿ ಉಡಿ ಮಾಡಿಕೊಂಡಿದ್ದರು. ಬಿಡಿಸಿದ ಹತ್ತಿ ಸೀದಾ ಅದರೊಳಗೆ. ತುಂಬಿದ ಮೇಲೆ ಗಂಟಿನ ಒಂದು ತುದಿ ಎಳೆದರು ಅಷ್ಟೇ, ಹತ್ತಿಯೆಲ್ಲ ತಾಡಪತ್ರಿ ಮೇಲೆ. ಬಗ್ಗಲೂ ಇಲ್ಲ.

"ಹೆಗಲಿಗೆ ಹಾಕ್ಕೊಳ್ಳೋ ಚೀಲ ಆದ್ರೆ ಹೆಂಗಕ್ಕಾ?" ಅಂದೆ.

"ಕುತ್ತಿಗಿ ಎಳೀತದ ತಮ್ಮಾ. ಸಂಜೀತನಾ ಯಾರು ಹೊರಬೇಕು?"

ಇಷ್ಟು ಸ್ಪಷ್ಟವಾಗಿ ನನಗೆ ಯಾವ ಮೀಟಿಂಗಿನಲ್ಲೂ ಯಾರೂ ಹೇಳಿರಲಿಲ್ಲ.

1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯುತ್ತೆ, ತಲೆ ಮೇಲೆ ಹೇಗೆ ಕೂರುತ್ತೆ, ಸೊಂಟದ ಮೇಲೆ ಹೇಗೆ, ಎಲ್ಲ ಯೋಚಿಸಿದ್ದರು. ಉಡಿಗೂ ಅದೇ ಗೌರವ ಸಲ್ಲಬೇಕು ಅನ್ನಿಸಿತು. ತಲೆಮಾರುಗಳ ಹೆಂಗಸರು ದುಡಿಯುತ್ತಾ ದುಡಿಯುತ್ತಾ ತಿದ್ದಿದ ವಸ್ತು ಅದು.

ಮನೆಯಲ್ಲೂ ಹಾಗೇ ಅಲ್ವಾ? ಅವ್ವನಿಗೆ ಹೊಸ ಮಿಕ್ಸಿ ತರುವ ಮುಂಚೆ, ಅವಳು ಅಡುಗೆ ಮಾಡುವುದನ್ನು ಸುಮ್ನೆ ಕೂತು ನೋಡಬೇಕು.

ಚೀಲಕ್ಕೆ ಈಗ ಹೆಗಲ ಪಟ್ಟಿ ಬೇಡ, ಟೊಂಕದ ಪಟ್ಟಿ ಸಾಕು. ನಾಳೆ ಬಟ್ಟೆ ಅಂಗಡಿಗೆ ಆ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಬಟ್ಟೆ ಅವರೇ ಮುಟ್ಟಿ ಆರಿಸಲಿ.